ಕೊನೆಗೆ ಮುಂಚೆ ಏಳುವವರು

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಪೀಪಿಗೆ,

ಹೇಗಿದ್ದೀಯೋ? ಎಂಜಿನ್ ಕೋಣೆಯ ಬಿಸಿಗೆ ಕತ್ತಿನ ಮೇಲೆ ಎದ್ದಿದ್ದ ಗುಳ್ಳೆಗಳು ಒಣಗಿದವೇ? ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೀಯಾ, ಇಲ್ಲ ಹಡಗಿನಲ್ಲೂ ನಿನ್ನದೇ ಮೊಂಡಾಟವಾ? ನಾನೂ ನಿನ್ನ ಭಾವನೂ ಚೆನ್ನಾಗಿದ್ದೇವೆ. ಅಪ್ಪನೂ ಹಾಗೇ ಇದ್ದಾರೆ ಎಂದು ಬರೆಯಲು ಕೈ ಬರುತ್ತಿಲ್ಲ. ಕಾಲಿನ ಬಾವು ಮಂಡಿ ದಾಟಿದೆ, ದಿಂಬಿಗೆ ಒರಗಿ ಕೂತೇ ನಿದ್ದೆ. ಮಗನನ್ನು ಕರೆಸುವುದಿದ್ದರೆ ಈಗಲೇ ಕರೆಸಿ ಎಂದು ಡಾಕ್ಟರು ಹೇಳಿದ್ದನ್ನು ನಿನಗೆ ಫೋನಿನಲ್ಲಿ ಹೇಳಿದೆ. ಮುಂದಿನ ಬಂದರಿನಲ್ಲಿ ಇಳಿದು ಹೋಗಲು ಕಂಪನಿಯವರು ಒಪ್ಪಿದ್ದಾರೆಂದು ನೀನೂ ಹೇಳಿದೆ. ಆಮೇಲೆ "ಯೋಚಿಸ್ತೀನಿ ಅಕ್ಕ" ಅಂದೆ. ಆಮೇಲೆ ಲೈನು ಹೋಯಿತು. ಅಪ್ಪನ ಮಾತು ಬಂದಾಗಲೆಲ್ಲ ನಿನ್ನ ಸಮುದ್ರದ ಲೈನು ಅದೆಷ್ಟು ಸರಿಯಾಗಿ ಹೋಗುತ್ತದಪ್ಪ! ಸಿನಿಮಾದ ಮಾತಿಗೆ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ಅದಕ್ಕೇ ಈ ಕಾಗದ. ಬಂದರಿನಲ್ಲಿ ಏಜೆಂಟರು ನಿನ್ನ ಕೈಗೇ ಕೊಡುತ್ತಾರಂತೆ. ಕಾಗದಕ್ಕೆ ಲೈನು ಹೋಗುವ ರೋಗವಿಲ್ಲ.

ನೀನು ಕೇಳಿದ್ದು ನಮ್ಮ ನಕ್ಷತ್ರನೌಕೆ ಸಿನಿಮಾದ ಹೊಸ ಭಾಗ ಹೇಗಿದೆ ಅಂತ. ನೆನೆಸಿಕೊಂಡರೆ ತಿಂದದ್ದು ಬಾಯಿಗೆ ಬರುತ್ತದೆ. ಮೂವತ್ತು ವರ್ಷ ಕಾಯಿಸಿ ಕೊನೆಗೆ ನಮ್ಮ ತಟ್ಟೆಗೆ ಬಡಿಸಿದ್ದು ಎಂಜಲು. ನಿನ್ನ ಭಾವ ಅರ್ಧ ತಾಸಿಗೇ ನಿದ್ದೆ ಹೋದರು. ನಮ್ಮಿಬ್ಬರಲ್ಲಿ ದುಡ್ಡಿಗೆ ತಕ್ಕ ಸುಖ ಸಿಕ್ಕಿದ್ದು ಅವರಿಗೊಬ್ಬರಿಗೇ. ಎಬ್ಬಿಸಿದಾಗ "ನಿಮ್ಮ ಮನೆಯವರು ಯಾವತ್ತೂ ಕೊನೆವರೆಗೆ ಕೂರಲ್ಲ ಅಂತಿದ್ದೆ, ಇವತ್ತೇನು?" ಎಂದು ಕೆಣಕಿದರು. ಅದೇ ನೋಡು ನಾನು ಮಾಡಿದ ಕೆಲಸ. ಮೊದಲನೇ ಸಲ ಕೊನೆಯವರೆಗೆ ಕೂತೆ.

ಮೊದಲ ಮೂರು ಭಾಗ ನಾವು ನೋಡಿದ ಬಗೆಯನ್ನು ಅವರಿಗೆ ಎಷ್ಟು ವಿವರಿಸಿದರೂ ನಂಬುವುದಿಲ್ಲ. ಅಪ್ಪನಿಗೆ ರಾತ್ರಿಯ ಕೊನೆಯ ಬಸ್ಸು. ಸಂಜೆಯ ಆಟಕ್ಕೆ ಖಾಕಿ ಅಂಗಿಯಲ್ಲೇ ನುಗ್ಗಿ, ಆ ಚೌಕಳಿ ಕರವಸ್ತ್ರ ಹಾಸಿ ಸೀಟು ಹಿಡಿಯುವುದು. ಇನ್ನೇನು ಮುಗಿಯಬೇಕು ಅನ್ನುವಾಗ "ಏಳ್ರೋ, ಬಸ್ ತೆಗೀಬೇಕು" ಎಂದು ನಮ್ಮನ್ನು ಎಬ್ಬಿಸಿಕೊಂಡು ಡಿಪೋಗೆ ಓಡುವುದು. ಉಳಿದ ಕಥೆ ಬಸ್ಸಿನಲ್ಲಿ. ಚಾಲಕರೊಂದಿಗೆ ಮಾತನಾಡಬೇಡಿ ಎಂಬ ಫಲಕದ ಕೆಳಗೇ ಕೂತು ನಾವು "ಆಮೇಲೆ?" ಅನ್ನುತ್ತಿದ್ದೆವು. ಅಪ್ಪ ಕನ್ನಡಿಯಲ್ಲಿ ನಮ್ಮನ್ನು ನೋಡುತ್ತ, ಗೇರು ಬದಲಿಸುತ್ತ, ಇಡೀ ನಕ್ಷತ್ರನೌಕೆಯನ್ನು ಪಾರುಮಾಡುತ್ತಿದ್ದರು. ತಿರುವು ಬಂದರೆ ಶತ್ರು, ಹಳ್ಳ ಬಂದರೆ ಉಲ್ಕೆ. ಹಾರ್ನ್ ಹೊಡೆಯಬೇಕಾದಲ್ಲೆಲ್ಲ ನಿನ್ನ "ಪೀಪಿ!" ನೌಕೆಯ ಕಪ್ತಾನನನ್ನು ಅಪ್ಪ ಒಂದು ದಿನವೂ ಕಪ್ತಾನ ಅನ್ನಲಿಲ್ಲ, "ನಮ್ಮ ಡ್ರೈವರ್" ಅಂತಲೇ. ಟಿಕೆಟ್ ಹರಿಯುವುದು ಮರೆತು ಕೇಳುತ್ತಿದ್ದ ಕಂಡಕ್ಟರು "ನಾನು ನೋಡ್ದಾಗ ಹಿಂಗಿರ್ಲಿಲ್ವಲ್ಲ ಗುರುವೇ" ಅಂದರೆ, "ನೀನು ಮುಂದಿನ ಸಾಲಲ್ಲಿ ಕೂತಿದ್ದೆ, ಪೂರ್ತಿ ಕಾಣಿಸಿರಲ್ಲ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು.

ಅಮ್ಮ ತೀರಿಕೊಂಡ ವರ್ಷ ಮೂರನೆಯ ಭಾಗ ಬಂತು. ನೌಕೆಯ ಹಿಂಬಾಗಿಲು ಮುಚ್ಚುತ್ತಿಲ್ಲ, ಹೊರಗಿನಿಂದ ದೂಡಲು ಡ್ರೈವರು ಒಬ್ಬನೇ ಇಳಿದ, ಅಷ್ಟರಲ್ಲಿ ನಾವು ಎದ್ದೆವು. ಆ ದಿನ ಅಪ್ಪ ಬಸ್ಸಿನ ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಕೂತು, ಅವನು ಹಿಂದಿನ ಏಣಿಗೆ ನೇತಾಡಿಕೊಂಡೇ ಮನೆ ಮುಟ್ಟಿದ ಕಥೆ ಹೇಳಿದರು. ನೀನು ಅವರ ತೊಡೆಯ ಮೇಲೇ ನಿದ್ದೆ ಹೋದೆ. ಮುಂದೆ ಟೀವಿಯಲ್ಲಿ ಬಂದಾಗಲೂ ಆ ಬಾಗಿಲಿನ ಹತ್ತಿರ ಬರುತ್ತಲೇ ಅಪ್ಪ ಎದ್ದು ಆರಿಸಿಬಿಡುತ್ತಿದ್ದರು: "ಮುಂದಿಂದು ನಮಗೆ ಗೊತ್ತಲ್ಲ." ಡ್ರೈವರ್ ಸತ್ತ ಅಂದ ಹುಡುಗನ ಊಟದ ಡಬ್ಬಿಯನ್ನು ನೀನು ಶಾಲೆಯ ಕಿಟಕಿಯಿಂದ ಎಸೆದೆ. ನಾನಾದರೂ ದೊಡ್ಡವಳಾಗಿ, ಎಂ.ಎ. ಮಾಡಿ, ಕವಿತೆ ಓದಿಕೊಂಡಿರುವವಳು. ನಿಜವಾಗಿ ಏನಾಯಿತೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿರುವುದಕ್ಕೂ ಕಣ್ಣಾರೆ ಕಾಣುವುದಕ್ಕೂ ನಡುವೆ ಒಂದು ಬಾಗಿಲಿತ್ತು. ಅದನ್ನು ತೆರೆಯದೆ ಇಷ್ಟು ವರ್ಷ ಚೆನ್ನಾಗಿಯೇ ಇದ್ದೆ.

ಹೊಸ ಭಾಗ ತೆಗೆದ ಈ ಮಹಾನುಭಾವರು ಆ ಬಾಗಿಲಿನಿಂದಲೇ ಶುರುಮಾಡಿದ್ದಾರೆ. ಡ್ರೈವರು ಸಾಯುವುದನ್ನು ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ, ನಿಧಾನವಾಗಿ, ಪಿಟೀಲು ಕುಯ್ಯಿಸಿಕೊಂಡು ತೋರಿಸುತ್ತಾರೆ. ಹಳೆಯ ಚಿತ್ರಗಳಲ್ಲಿ ಆಕಾಶ ಎಷ್ಟು ಮೌನವಾಗಿತ್ತು! ಪದ್ಯದ ಸಾಲು ಮುಗಿದ ಮೇಲೆ ಉಳಿಯುವ ಬಿಳಿ ಜಾಗದ ಹಾಗೆ. ಈಗ ಅಲ್ಲಿ ಸೂಜಿ ಇಡಲೂ ಜಾಗವಿಲ್ಲ, ಬರೀ ಡಮಾರು ಢಮಾರು. ಹೋಗಲಿ, ಸಾಯಿಸಿದರು. ಸತ್ತವನನ್ನು ಸತ್ತ ಹಾಗಾದರೂ ಬಿಟ್ಟರೇ? ಇಲ್ಲ. ಗಾಜಿನ ಕೊಳವೆಯೊಳಗೆ ಅವನದೇ ಇನ್ನೊಂದು ಪ್ರತಿ ಬೆಳೆಸಿ, ಎಣ್ಣೆ ಹಚ್ಚಿದ ಬದನೆಕಾಯಿಯಂಥ ಮುಖದಲ್ಲಿ ಎಬ್ಬಿಸಿ ನಿಲ್ಲಿಸಿದ್ದಾರೆ. ಆ ಮುಖದಲ್ಲಿ ಒಂದು ಗೆರೆಯಿಲ್ಲ, ಒಂದು ದಣಿವಿಲ್ಲ. ಎಂಜಿನ್ ಕೈಕೊಟ್ಟಾಗ ಅವನು ತನ್ನಷ್ಟಕ್ಕೇ ಅಂದುಕೊಳ್ಳುತ್ತಿದ್ದ "ಗಟ್ಟಿ ಹಿಡ್ಕೊಳ್ಳಿ, ಹೊರಟ್ವಿ" ಅನ್ನುವ ಮಾತನ್ನು ಇವನು ಗಳಿಗೆಗೊಂದು ಸಲ ನಮ್ಮತ್ತ ಕಣ್ಣು ಹೊಡೆದು ಅನ್ನುತ್ತಾನೆ. ಜನ ಶಿಳ್ಳೆ ಹಾಕುತ್ತಾರೆ. ಹೊರಗೆ ಅದೇ ಮಾತು ಅಚ್ಚಾದ ಪಾಪ್‌ಕಾರ್ನ್ ಡಬ್ಬಿ ಮಾರಾಟಕ್ಕಿದೆ. ಹೆಣಕ್ಕೆ ಸಿಂಗಾರ ಮಾಡಿ ಬಾಗಿಲಲ್ಲಿ ಕುಣಿಸಿದ ಹಾಗೆ. ಸಾಯಿಸುವುದಕ್ಕೂ ಒಂದು ಮರ್ಯಾದೆ ಬೇಕು, ಬದುಕಿಸುವುದಕ್ಕೂ ಬೇಕು. ಇವರಿಗೆ ಎರಡೂ ಇಲ್ಲ. ಒದ್ದರೆ ಮಾತ್ರ ತೆರೆಯುತ್ತಿದ್ದ ನೌಕೆಯ ಬಾಗಿಲು ಈಗ ಹತ್ತಿರ ಹೋದರೆ ತಾನೇ ತೆರೆಯುತ್ತದೆ, ಬ್ಯಾಂಕಿನ ಬಾಗಿಲಿನ ಹಾಗೆ. ಥೂ. ಇಷ್ಟು ಬರೆದರೂ ಬಾಯಿಯ ಕಹಿ ಹೋಗಲಿಲ್ಲ.

ಮನೆಗೆ ಬಂದಾಗ ಹಗಲು ನೋಡಿಕೊಳ್ಳುವ ನರ್ಸಮ್ಮ ಅಪ್ಪನ ಪಾದ ಒರೆಸುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಅಪ್ಪ ಕೇಳಿದರು: "ನಮ್ಮ ಡ್ರೈವರ್ ಹೆಂಗಿದಾನೆ?" ನನಗೆ ಬಸ್ಸಿನ ಕನ್ನಡಿಯಲ್ಲಿ ಕಾಣುತ್ತಿದ್ದ ಅವರ ಕಣ್ಣು ನೆನಪಾಯಿತು. "ಚೆನ್ನಾಗಿದಾನಪ್ಪ, ಕೂದಲು ಸ್ವಲ್ಪ ನರೆತಿದೆ" ಅಂದೆ. ಕೂತುಕೊಂಡು ಒಂದು ಕಥೆಯನ್ನೂ ಕಟ್ಟಿದೆ. ಅವನು ಈಗ ದೂರದ ಗ್ರಹಕ್ಕೆ ನೌಕೆ ಬಿಡುವುದಿಲ್ಲವಂತೆ, ಹೊಸಬರಿಗೆ ಕಲಿಸುತ್ತಾನಂತೆ, ಹಳೆಯ ಬಾಗಿಲನ್ನು ರಿಪೇರಿ ಮಾಡಲು ಮಾತ್ರ ಯಾರಿಗೂ ಬಿಡುವುದಿಲ್ಲವಂತೆ. ಅಪ್ಪ ಕಣ್ಣು ಮುಚ್ಚಿಕೊಂಡೇ ಹೂಂಗುಟ್ಟಿದರು. ಅವರ ಹಾಗೆ ಗೇರು ಬದಲಿಸುತ್ತ ಹೇಳಲು ನನಗೆ ಬರಲಿಲ್ಲ. ಆದರೂ ಆ ಎರಡೂವರೆ ತಾಸಿನ ಹೇಸಿಗೆಗಿಂತ ನನ್ನ ಕಥೆಯೇ ವಾಸಿ.

ನೀನು ಅದನ್ನು ನೋಡಲು ಹೋಗಬೇಡ, ಅಕ್ಕನ ಮಾತು ಅಂತ ತಿಳಿ. ಹೊತ್ತಿಗೆ ಸರಿಯಾಗಿ ತಿನ್ನು, ಕತ್ತಿಗೆ ಮುಲಾಮು ಹಚ್ಚು. ನೀನೂ ನಿನ್ನ ಹಡಗೂ ಸುಖವಾಗಿರಿ.

ನಿನ್ನ ಕಿವಿ ಹಿಂಡುವ ಹಕ್ಕನ್ನು ಇನ್ನೂ ಬಿಟ್ಟುಕೊಡದ,
ಅಕ್ಕ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಕರೆದರು. "ಕಥೆ ಚೆನ್ನಾಗಿ ಕಟ್ಟಿದೆ ಕಣೇ. ಆದ್ರೆ ಅವನು ಮೂರನೇದ್ರಲ್ಲೇ ಸತ್ತ. ನಿಮ್ಮನ್ನ ಕರ್ಕೊಂಡ್ ಹೋಗೋಕ್ ಮುಂಚೆ ನಾನೊಬ್ನೇ ಹೋಗಿ ನೋಡ್ಕೊಂಡ್ ಬಂದಿದ್ದೆ." ಆಗ ಹೊಳೆಯಿತು, ಆ ದಿನ ಬಸ್ಸು ಓಡಿಸುತ್ತಿದ್ದದ್ದು ಬೇರೆ ಯಾರೋ. ಅಪ್ಪನಿಗೆ ರಜೆ. ಎದ್ದು ಬರುವ ಅವಸರವೇ ಇರಲಿಲ್ಲ ಕಣೋ. "ನಿಮ್ಮಮ್ಮ ಹೋಗಿ ಇನ್ನೂ ತಿಂಗಳಾಗಿರ್ಲಿಲ್ಲ. ಇನ್ನೊಂದು ಸಾವು ಯಾಕೆ ಮಕ್ಕಳಿಗೆ ಅಂತ ಎಬ್ಬಿಸ್ಕೊಂಡ್ ಬಂದೆ. ನಮ್ಮ ಪೀಪಿ ಅದನ್ನೇ ಕಲ್ತುಬಿಟ್ಟ, ಈಗ್ಲೂ ಕೊನೆಗೆ ಮುಂಚೆ ಎದ್ದು ಹೋಗ್ತಾನೆ. ಈ ಸಲ ಕೂತ್ಕೋ ಅನ್ನು." ಇಷ್ಟು ಹೇಳಲು ಅವರಿಗೆ ಎಷ್ಟು ಸಲ ಉಸಿರು ಬೇಕಾಯಿತೋ, ಅದನ್ನು ಬರೆಯಲಾರೆ. ಆ ಬಂದರಿನಲ್ಲಿ ಇಳಿ. ಮಂಚದ ಪಕ್ಕದ ಕುರ್ಚಿಗೆ ಅಪ್ಪ ಆ ಚೌಕಳಿ ಕರವಸ್ತ್ರ ಹಾಸಿಸಿದ್ದಾರೆ. ನರ್ಸಮ್ಮ ಕೂರಲು ಹೋದರೆ "ಆ ಸೀಟಿಗೆ ಜನ ಇದಾರೆ" ಅಂದರಂತೆ. ಪಾಪ, ಬೆಳಗಿನಿಂದ ನಿಂತೇ ಇದ್ದಾರೆ.