ನಾಲ್ಕನೇ ಡಿಸ್ಕಿನಲ್ಲಿ ಯಾರ ದನಿಯೂ ಇಲ್ಲ

ಅಮ್ಮಾ,

ಟಿವಿ ಪಕ್ಕದ, ನನ್ನ ರೆಕಾರ್ಡಿಂಗ್ ಎಲ್ಲ ಇರುವ ಕಪ್ಪು ಡಬ್ಬ ಓಡುತ್ತಿದೆ. ಸಂಜೆ ನಾನು ಜಾಲಹಳ್ಳಿಯಿಂದ ಬರುವವರೆಗೂ ಅದರ ಸ್ವಿಚ್ ಮುಟ್ಟಬೇಡ. ಕರೆಂಟ್ ಹೋದರೆ ಯುಪಿಎಸ್ ನೋಡಿಕೊಳ್ಳುತ್ತದೆ. ಯುಪಿಎಸ್‌ಗೆ ಮಿಕ್ಸಿ ಸಿಕ್ಕಿಸಬೇಡ ತಾಯಿ.

ಆಯುಧಪೂಜೆ ಅಂತ ಓಡುತ್ತಿದ್ದ ಡಬ್ಬವನ್ನೇ ಎತ್ತಿ ಒರೆಸಿ, ಕುಂಕುಮ ಇಟ್ಟು, ದೊಪ್ಪನೆ ಕೂರಿಸಿದೆಯಲ್ಲ, ಒಳಗಿನ ನಾಲ್ಕು ಡಿಸ್ಕಿನಲ್ಲಿ ಒಂದು ಸತ್ತದ್ದು ಆಗಲೇ. ಅಜ್ಜಿ ತೀರಿಹೋಗುವ ಮುಂಚೆ ನಾನು ರೆಕಾರ್ಡ್ ಮಾಡಿದ್ದ ಮಾತೆಲ್ಲ ಇದ್ದದ್ದು ಅದರಲ್ಲೇ. ನಿನ್ನೆ ನೀನು ಊಟ ಬಿಟ್ಟು ಕೂತಿದ್ದು ನೋಡಿ ಬೈಯಲು ಬಾಯಿ ಬರಲಿಲ್ಲ.

ಈಗ ಕೇಳು. ಮೂರು ಡಿಸ್ಕಿನಲ್ಲಿ ದನಿಗಳಿದ್ದವು. ನಾಲ್ಕನೆಯದರಲ್ಲಿ ಯಾರ ದನಿಯೂ ಇಲ್ಲ, ಆ ಮೂರನ್ನೂ ಕೂಡಿಸಿದ ಲೆಕ್ಕ ಮಾತ್ರ ಇದೆ. ಮೂರರಲ್ಲಿ ಒಂದು ಹೋದರೆ, ಆ ಲೆಕ್ಕದಲ್ಲಿ ಉಳಿದೆರಡನ್ನು ಕಳೆದರೆ ಹೋದದ್ದು ಸಿಗುತ್ತದೆ. ಓದಿದ್ದೆ, ನಂಬಿರಲಿಲ್ಲ. ಸತ್ತ ಡಿಸ್ಕ್ ನನ್ನ ಮೇಜಿನ ಮೇಲೆ ಬಿದ್ದಿದೆ, ಆದರೂ ಬೆಳಿಗ್ಗೆ ಡಬ್ಬದಿಂದ ಅಜ್ಜಿ ಮಾತಾಡಿದಳು! ಅದೇ ಕೆಮ್ಮು, ಅದೇ ಎಲೆಅಡಿಕೆ ಜಗಿಯುವ ಸದ್ದು. ಅಲ್ಲೇ ಕೂತು ಇನ್ನೊಮ್ಮೆ ಹಾಕಿ ಕೇಳಿದೆ.

ಹೊಸ ಡಿಸ್ಕ್ ಹಾಕಿದ್ದೇನೆ, ಹೋದದ್ದನ್ನು ಡಬ್ಬ ಅದಕ್ಕೆ ಮತ್ತೆ ಬರೆಯುತ್ತಿದೆ, ನೂರಕ್ಕೆ ನಲವತ್ತು ತುಂಬಿದೆ. ಪೂರ್ತಿ ತುಂಬುವಷ್ಟರಲ್ಲಿ ಇನ್ನೊಂದು ಡಿಸ್ಕ್ ಕೆಟ್ಟರೆ ಅಜ್ಜಿ ಮತ್ತೆ ಬರುವುದಿಲ್ಲ. ಆದ್ದರಿಂದ ಆ ಕಡೆ ಪೊರಕೆಯೂ ಬೇಡ.

ಬೆಳಿಗ್ಗೆ ಕೇಳಿದ್ದೊಂದನ್ನು ಮಾತ್ರ ನಿನ್ನ ಮೊಬೈಲಿಗೆ ಹಾಕಿದ್ದೇನೆ. ಮೊದಲು ಊಟ ಮಾಡು, ಆಮೇಲೆ ಕೇಳು. ಶುರುವಿನಲ್ಲೇ ನಿಮ್ಮಮ್ಮ ನನ್ನನ್ನು ಗದರುತ್ತಾಳೆ: “ಏ ಮುನೀಂದ್ರ, ಇಂಗೆಲ್ಲಾ ನನ್ ಮಾತ್ ಇಡೀಬ್ಯಾಡ ಕಣ್ಲಾ, ಆಪ್ ಮಾಡ್ಲಾ ಅದ್ನ!”

ನಿಮ್ಮಮ್ಮ ಹೇಳಿದಳು ಅಂತ ಹೋಗಿ ಡಬ್ಬ ಆಫ್ ಮಾಡಿಬಿಟ್ಟೀಯ!

ಮುನೀಂದ್ರ