ಕೆಂಚ ಕಳೆದುಹೋಗಿಲ್ಲ

ಉದ್ದನಪಲ್ಲಿಯಲ್ಲಿರುವ ನನ್ನ ಅಕ್ಕ ಮುನಿಲಕ್ಷ್ಮಿಗೆ, ಹೊಸೂರಿನಿಂದ ತಂಗಿ ಗಂಗರತ್ನ ಮಾಡುವ ನಮಸ್ಕಾರ.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಅಂತ ಬರೆದರೆ ಮೊದಲ ಸಾಲೇ ಸುಳ್ಳಾಗುತ್ತದೆ. ನಿನಗೆ ಸುಳ್ಳು ಹೇಳಿದ್ದು ಸಾಕು ಅಂತಲೇ ಫೋನ್ ಬದಿಗಿಟ್ಟು ಕಾಗದ ಹಿಡಿದಿದ್ದೇನೆ. ನಿನ್ನ ದನಿ ಕೇಳಿದರೆ ನನ್ನ ಬಾಯಿ ಮತ್ತೆ ಏನಾದರೂ ಕಟ್ಟಿ ಹೇಳುತ್ತದೆ. ಭಾವ ಓದಿದ್ದು ತಮಿಳು ಸ್ಕೂಲಿನಲ್ಲಿ, ಇದು ಅವರ ಕೈಗೆ ಸಿಕ್ಕರೂ ಓದಿಸಲು ನಿನ್ನ ಹತ್ತಿರವೇ ಬರಬೇಕು. ಅದೊಂದು ಧೈರ್ಯ ನನಗೆ.

ಅಕ್ಕ, ನಮ್ಮ ಬೆಕ್ಕು ಕಳೆದುಹೋಗಿಲ್ಲ. ಕೆಂಚ ಇಲ್ಲೇ ಇದ್ದಾನೆ. ಒಳಕೋಣೆಯಲ್ಲಿ, ಅಮ್ಮನ ಹಳೇ ಸೀರೆ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿ, ನಾನು ಇದನ್ನು ಬರೆಯುವುದನ್ನೇ ನೋಡುತ್ತಾ ಮಲಗಿದ್ದಾನೆ.

ಅಮ್ಮ ಹೋದಾಗ ನೆಲ, ಪಾತ್ರೆ, ಓಲೆ ಎಲ್ಲ ಹಂಚಿಕೊಂಡೆವು, ಒಂದು ಮಾತೂ ಬರಲಿಲ್ಲ. ಅವಳು ಸಾಕಿದ ಬೆಕ್ಕಿನ ವಿಷಯ ಬಂದಾಗ ಮಾತ್ರ ಇಬ್ಬರೂ ಜಿದ್ದಿಗೆ ಬಿದ್ದೆವು. ರಾಗಿ ಮನೆ ಸೇರಿದಾಗಿನಿಂದ ಯುಗಾದಿಯವರೆಗೆ ನಿನ್ನ ಮನೆ, ಆಮೇಲೆ ನನ್ನ ಮನೆ ಅಂತ ಚಿನ್ನಸ್ವಾಮಿ ಮಾವ ತೀರ್ಮಾನ ಕೊಟ್ಟಾಗ ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡು. ಅವನು ಬುಟ್ಟಿಯಲ್ಲಿ ಕೂತು ಬಸ್ಸಿನಲ್ಲಿ ಓಡಾಡಿದ ಆರು ವರ್ಷ ನಾವಿಬ್ಬರೂ ವರ್ಷಕ್ಕೆ ಎರಡು ಸಲವಾದರೂ ಮುಖ ನೋಡಿಕೊಂಡೆವು.

ಈ ಸಲ ದೀಪಾವಳಿಯ ಹೊತ್ತಿಗೆ ಅವನು ತಟ್ಟೆ ಮೂಸಿ ಹಿಂದೆ ಸರಿಯತೊಡಗಿದ. ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತಿತ್ತು. ಡಾಕ್ಟರ್ ಸಹನಾ ಅವರ ಹತ್ತಿರ ಕರೆದುಕೊಂಡು ಹೋದೆ. ಅವರು ತುಟಿ ಎತ್ತಿ ತೋರಿಸಿದರು, ವಸಡು ಬಿಳಿಚಿಕೊಂಡಿತ್ತು. ಒಂದು ಹನಿ ರಕ್ತವನ್ನು ಸಣ್ಣ ಪಟ್ಟಿಯ ಮೇಲೆ ಬಿಟ್ಟರು. ಒಂದು ಗೆರೆ ಬಂತು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಬಂತು. ಎರಡನೆಯದು ಬರಬಾರದಿತ್ತಂತೆ.

"ಇದು ಬೆಕ್ಕಿಗೆ ಬರೋ ಲ್ಯುಕೀಮಿಯಾ ವೈರಸ್ ಅಮ್ಮ. ವಾಸಿ ಮಾಡೋ ಮದ್ದಿಲ್ಲ. ಚೆನ್ನಾಗಿ ನೋಡ್ಕೊಂಡ್ರೆ ಕೆಲವು ಬೆಕ್ಕು ವರ್ಷಗಟ್ಟಲೆ ಇರ್ತಾವೆ. ಇವನು ಆಗಲೇ ಸೋತಿದ್ದಾನೆ, ಇವನ ಬಗ್ಗೆ ಏನೂ ಹೇಳೋಕಾಗಲ್ಲ" ಅಂದರು. ಮನುಷ್ಯರಿಗೆ ಅಂಟುವುದಿಲ್ಲವಂತೆ. ಬೆಕ್ಕಿನಿಂದ ಬೆಕ್ಕಿಗೆ ಎಂಜಲಿನಲ್ಲಿ ಹೋಗುತ್ತದಂತೆ. ಹೊರಗೆ ಬಿಡಬಾರದು, ಬೇರೆ ಬೆಕ್ಕಿನ ಜೊತೆ ಉಣ್ಣಲು ಇಡಬಾರದು ಅಂದರು.

ಮೂರು ದಿನಕ್ಕೆ ನಿನ್ನ ಫೋನ್ ಬಂತು. "ರಾಗಿ ಮನೆ ಸೇರೈತೆ ಕಣೆ, ಇಲಿ ಕಾಟ ಸುರುವಾಗೈತೆ. ಕೆಂಚನ್ನ ಕರ್ಕಂಡೋಗೋಕೆ ಬತ್ತೀನಿ" ಅಂದೆ. ನಾನು ಎರಡು ದಿನದಿಂದ ಅವನು ಕಾಣುತ್ತಿಲ್ಲ ಅಂದುಬಿಟ್ಟೆ. ಯಾಕೆ ಹಾಗಂದೆ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನನ್ನ ಮನೆಯಲ್ಲಿದ್ದಾಗ ಕಾಯಿಲೆ ಬಿತ್ತು ಅನ್ನುತ್ತೀಯೇನೋ ಅನ್ನೋ ಭಯ ಒಂದು ಕಡೆ. ಉಳಿದ ದಿನಗಳನ್ನು ಹಂಚಿಕೊಳ್ಳಲು ಮನಸ್ಸಾಗಲಿಲ್ಲ, ನಿಜ ಅದೇ. ಅಮ್ಮನ ಕೈಯ ತುತ್ತು ತಿಂದ ಜೀವ ಅದೊಂದೇ ಉಳಿದಿತ್ತು, ಅದು ನನ್ನ ಮಡಿಲಲ್ಲೇ ಹೋಗಲಿ ಅನ್ನಿಸಿತು.

ನೀನು ಭಾನುವಾರ ಬಂದೇಬಿಟ್ಟೆ. ಅಮ್ಮನ ಸೊಟ್ಟ ಅಲ್ಯೂಮಿನಿಯಂ ತಟ್ಟೆ ಹಿಡಿದು, ಚಮಚದಿಂದ ಬಡಿಯುತ್ತಾ, "ಕೆಂಚಾ, ಬಾರೋ ಮಗನೇ" ಅಂತ ನಮ್ಮ ಗಲ್ಲಿಯೆಲ್ಲ ಸುತ್ತಿದೆ. ಎರಡು ದಿನದಿಂದ ತಲೆ ಎತ್ತದವನು ಆ ಸದ್ದಿಗೆ ಎದ್ದ, ಅಕ್ಕ. ತೂರಾಡುತ್ತಾ ಮುಚ್ಚಿದ ಒಳಕೋಣೆಯ ಬಾಗಿಲಿಗೆ ಬಂದು ಪರಚಿದ, ಕೂಗಿದ. ನಾನು ಏನು ಮಾಡಿದೆ ಗೊತ್ತಾ? ಖಾಲಿ ಮಿಕ್ಸಿ ಓಡಿಸಿದೆ. ನೀನು ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದು "ಏನೇ ರುಬ್ತಾ ಇದೀಯ, ಚಟ್ನಿನಾ?" ಅಂದೆ. ನಾನು ಹೂಂ ಅಂದೆ.

ಹೊರಡುವಾಗ ನೀನು, ಅವನು ಸಿಕ್ಕರೆ ಮುನೇಶ್ವರನಿಗೆ ಕೋಳಿ ಕೊಯ್ಯುತ್ತೇನೆ ಅಂತ ಹರಕೆ ಕಟ್ಟಿಕೊಂಡೆ. ಬಸ್ ಹತ್ತುತ್ತಾ ಒಂದು ಮಾತು ಅಂದೆ: "ನಮ್ ಚುಕ್ಕಿನೂ ಯಾಕೋ ಸಪ್ಪಗೈತೆ ಕಣೆ. ಸರ್ಯಾಗಿ ತಿಂತಿಲ್ಲ. ಅವನ್ನ ನೆನೆಸ್ಕಂಡೈತೇನೋ."

ಆ ಮಾತು ಅವತ್ತಿನಿಂದ ನನಗೆ ಅನ್ನ ಇಳಿಯಲು ಬಿಟ್ಟಿಲ್ಲ. ಸಂಕ್ರಾಂತಿಗೆ ನೀನು ಆ ಬೆಕ್ಕಿನ ಮರಿ ಚುಕ್ಕಿಯನ್ನು ಮನೆಗೆ ತಂದಾಗ ಅದು ಅಂಗೈಯಷ್ಟಿತ್ತು. ಹೊಸ ಬೆಕ್ಕು ಬಂದರೆ ಹಳೆಯದರ ಎಂಜಲು ತಿನ್ನಿಸಬೇಕು ಅನ್ನುವುದು ನಮ್ಮ ಮನೆಯ ಪದ್ಧತಿ. "ಒಂದೇ ತಟ್ಟೇಲಿ ಉಂಡ್ರೆ ಒಗ್ಗತಾವೆ, ಇಲ್ದಿದ್ರೆ ಸಾಯೋಗಂಟ ಕಿತ್ತಾಡ್ತಾವೆ" ಅಂತ ಅಮ್ಮ ಹೇಳುತ್ತಿದ್ದಳಲ್ಲ. ನೀನೂ ಹಾಗೇ ಮಾಡಿದೆ. ಕೆಂಚ ಬಿಟ್ಟ ಹಾಲನ್ನ ಅದಕ್ಕೆ ಇಟ್ಟೆ. ಹಬ್ಬಕ್ಕೆ ಬಂದಿದ್ದ ನಾನೂ ಪಕ್ಕದಲ್ಲೇ ಕೂತು, ಅವನು ಅದರ ತಲೆ ನೆಕ್ಕುವುದನ್ನು ನೋಡಿ ಖುಷಿಪಟ್ಟೆ. ಈ ಕಾಯಿಲೆ ಎಲ್ಲಿಂದ ಬಂತು, ಯಾವಾಗ ಬಂತು ಅಂತ ಡಾಕ್ಟರಿಗೇ ತಿಳಿಯದು. ನಿನ್ನದಾಗಲಿ ಅಮ್ಮನದಾಗಲಿ ತಪ್ಪು ಅಂತ ನಾನು ಹೇಳುತ್ತಿಲ್ಲ. ತಿಳಿದ ಮೇಲೂ ಬಾಯಿ ಮುಚ್ಚಿಕೊಂಡಿದ್ದು ಮಾತ್ರ ನನ್ನ ತಪ್ಪು.

ಕಾಗದ ಕೈಸೇರಿದ ತಕ್ಷಣ ಚುಕ್ಕಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಾ. ಅದರ ರಕ್ತವನ್ನೂ ನೋಡಬೇಕು. ಕಾಯಿಲೆ ಇಲ್ಲ ಅಂತ ಬಂದರೂ ತಿಂಗಳು ಬಿಟ್ಟು ಇನ್ನೊಮ್ಮೆ ನೋಡಬೇಕಂತೆ. ಅದಕ್ಕೂ ಇದೇ ಇದ್ದರೆ ಎರಡನ್ನೂ ಒಂದೇ ಮನೆಯಲ್ಲಿ ಇಡಬಹುದು ಅಂದರು ಡಾಕ್ಟರ್. ಅಂಥ ಅನುಕೂಲ ನಮಗೆ ಬೇಡವೇ ಬೇಡ.

ಈಗ ಅವನಿಗೆ ಬೇಯಿಸಿದ ಕೋಳಿಯನ್ನು ನುಣ್ಣಗೆ ಮಾಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕಕ್ಕೆ ಬಿಡುತ್ತೇನೆ. ಮಾತ್ರೆ ಕೊಟ್ಟರೆ ನುಂಗಿದ ಹಾಗೆ ನಟಿಸಿ, ನಾನು ಅತ್ತ ತಿರುಗಿದ ಮೇಲೆ ಉಗಿಯುತ್ತಾನೆ. ಕಳ್ಳ! ಬಿಸಿಲು ಬಂದಾಗ ಕಿಟಕಿಗೆ ಎತ್ತಿ ಕೂರಿಸುತ್ತೇನೆ. ಜಾಲರಿಯಾಚೆ ಗುಬ್ಬಿ ಬಂದರೆ ಬಾಲದ ತುದಿ ಅಲ್ಲಾಡುತ್ತದೆ. ಅಷ್ಟಾದರೆ ಅವತ್ತು ಒಳ್ಳೆಯ ದಿನ ಅಂದುಕೊಳ್ಳುತ್ತೇನೆ.

ನಿನ್ನ ಹರಕೆ ನೀನು ತೀರಿಸು. ಅವನು ಸಿಗಲಿ ಅಂತ ಕೇಳಿದೆ, ಸಿಕ್ಕಿದ್ದಾನೆ. ವಾಸಿಯಾಗಲಿ ಅಂತ ಕೇಳಬೇಕು ಅನ್ನುವುದು ನಿನಗೆ ಗೊತ್ತಿರಲಿಲ್ಲವಲ್ಲ, ನಾನೇ ಹೇಳಿರಲಿಲ್ಲವಲ್ಲ.

ಬೈಯಬೇಕು ಅನ್ನಿಸಿದರೆ ಮನೆಗೆ ಬಂದು ಬೈಯಿ. ಬರುವಾಗ ಅಮ್ಮನ ತಟ್ಟೆ ತಾ. ಗಲ್ಲಿಯ ತಿರುವಿನಲ್ಲೇ ನಿಂತು ಬಡಿ. ಈ ಸಲ ಅವನು ಕೂಗಿದ್ದು ನಿನಗೆ ಕೇಳಿಸುತ್ತದೆ.

ಚುಕ್ಕಿ ಚೆನ್ನಾಗಿರಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ತಂಗಿ,
ಗಂಗರತ್ನ