ಪಡಸಾಲೆಯ ನೀರು

ಬನವಾಸಿ,
ಶನಿವಾರ ಮಧ್ಯಾಹ್ನ

ಕಟ್ಟೆಯ ಮೇಲೆ ಕೂತಿರುವ ಗುರುಶಾಂತಾಳಿಗೆ, ಹೊಸ್ತಿಲ ಒಳಗಿನಿಂದ ಚಂದ್ರಶೇಖರಪ್ಪ ಬರೆಯುವುದು.

ನಮ್ಮಿಬ್ಬರ ನಡುವೆ ಇರುವುದು ಒಂದು ಬಾಗಿಲು. ಅಷ್ಟು ದೂರಕ್ಕೆ ಪತ್ರ ಬರೆಯುವ ಗಂಡ ಈ ಓಣಿಯಲ್ಲಿ ನಾನೊಬ್ಬನೇ ಇರಬೇಕು. ನೀನು ಇದನ್ನು ಓದುವುದಿಲ್ಲವೆಂದು ಗೊತ್ತು. ಒಂದು ಸಾಲು ಮುಗಿಯುವಷ್ಟರಲ್ಲಿ ಅದರ ಮೊದಲ ಶಬ್ದ ನಿನಗೆ ಮರೆತುಹೋಗುತ್ತದೆ. ಆದರೆ ಎದುರಿಗೆ ಕೂತು ಮಾತಾಡಿದರೆ ಯಾರೋ ಪರಸ್ಥಳದವನನ್ನು ನೋಡಿದ ಹಾಗೆ ನೋಡುತ್ತೀ. ಕಾಗದದ ಮೇಲಾದರೂ ನೀನು ನನ್ನ ಮಾತಿಗೆ ನಡುವೆ ಬಾಯಿ ಹಾಕುವ ಹಳೆಯ ಗುರುಶಾಂತಾ ಆಗಿರುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ಸೋಮವಾರದ ತನಕ ಮಾತ್ರ ಸಮಯ. ಅಷ್ಟರೊಳಗೆ ನೀನು ಒಳಗೆ ಬರದಿದ್ದರೆ ಗೀತಾ ನಿನ್ನನ್ನು ಹುಬ್ಬಳ್ಳಿಯ ಆರೈಕೆ ಕೇಂದ್ರಕ್ಕೆ ಸೇರಿಸುತ್ತಾಳೆ. ಮಗಳ ಮೇಲೆ ಸಿಟ್ಟಾಗಬೇಡ. ದಿನವಿಡೀ ಶಾಲೆಯಲ್ಲಿ ಪಾಠ ಮಾಡಿ ಬಂದು ನಿನಗೆ ಕಟ್ಟೆಯ ಮೇಲೇ ಉಣಿಸಿ, ಪಕ್ಕದ ಮನೆ ಪಾರ್ವತವ್ವನ ಬಚ್ಚಲಿಗೆ ಕರೆದೊಯ್ದು ಸ್ನಾನ ಮಾಡಿಸಿ ಅವಳೂ ಸೊರಗಿದ್ದಾಳೆ. ಮೊನ್ನೆ ಬೆಳಗಾಗುವ ಮೊದಲು ನನ್ನ ಕಣ್ಣು ತಪ್ಪಿಸಿ ನೀನು ಬಸ್ ಸ್ಟ್ಯಾಂಡಿನ ತನಕ ಹೋಗಿಬಿಟ್ಟಿದ್ದೆ. "ಅಪ್ಪಾ, ಅವ್ವನ್ನ ಹಿಂಗ ರಸ್ತೆ ಮ್ಯಾಲ ಎಷ್ಟ ದಿನಾ ಇಡೂದು? ಲಾರಿಗೆ ಸಿಕ್ಕರ ಏನ್ ಮಾಡ್ತಿ?" ಎಂದು ಕೇಳಿದಳು.

ಎಲ್ಲ ಈ ಪಡಸಾಲೆಯ ನೆಲದಿಂದ ಆದದ್ದು. ನೀನು ಮದುವೆಯಾಗಿ ಬಂದ ವರ್ಷ ನಮ್ಮಪ್ಪ ಇಲ್ಲಿ ಕಡಪ ಕಲ್ಲು ಹಾಸಿಸಿದ್ದರು. ಹೊಸದರಲ್ಲಿ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಆ ಹೊಳಪು ಹೋಗಬಾರದೆಂದು ನೀನು ಶೇಂಗಾ ಎಣ್ಣೆಯ ಬಟ್ಟೆಯಿಂದ ಮೂಲೆ ಮೂಲೆ ತಿಕ್ಕಿದೆ. ಲಿಂಗಪೂಜೆಗೆಂದು ಸ್ನಾನ ಮಾಡಿ ಬಂದ ಅಪ್ಪ ಕಾಲು ಜಾರಿ ಬಾಗಿಲಿನಿಂದ ಕಂಬದ ತನಕ ಕೂತುಕೊಂಡೇ ಹೋದರು. ಅಡುಗೆಮನೆಯಲ್ಲಿ ನೀನು ಬಾಯಿಗೆ ಸೆರಗು ತುರುಕಿ ನಕ್ಕದ್ದು ಅವರಿಗೆ ಕೇಳಿಸಿತು. ಒಂದು ವಾರ ನಿನ್ನ ಕೈಯ ಚಹಾ ಕುಡಿಯಲಿಲ್ಲ.

ಆಮೇಲೆ ಕಲ್ಲು ಮಂಕಾಯಿತು. ಹಬ್ಬ ಬಂದಾಗಲೆಲ್ಲ "ರೀ, ನೆಲಾ ಬೂದಿ ಬಡಕೊಂಡಂಗ ಕಾಣತೈತಿ, ಏನರೆ ಮಾಡಿಸ್ರಿ" ಅನ್ನುತ್ತಿದ್ದೆ. ನಾನು ಬಟ್ಟೆ ಅಂಗಡಿಯ ಗಡಿಬಿಡಿಯಲ್ಲಿ ಬರುವ ವರ್ಷ ಅನ್ನುತ್ತಿದ್ದೆ. ಮರೆವಿನ ಕಾಯಿಲೆ ಬಂದು, ಅಡುಗೆಮನೆ ಯಾವುದು, ದೇವರ ಕೋಣೆ ಯಾವುದು ಎಂದು ನೀನು ತಡಕಾಡತೊಡಗಿದಾಗ ಶಿರಸಿಯ ಡಾಕ್ಟರು ಹಳೆಯ ವಸ್ತುಗಳ ನಡುವೆ ಇಡಿ, ನೆಮ್ಮದಿಯಾಗಿರುತ್ತಾರೆ ಎಂದರು. ನನಗೆ ಈ ನೆಲ ನೆನಪಾಯಿತು. ನೀನು ಕಾಲಿಟ್ಟ ದಿನ ಹೇಗಿತ್ತೋ ಹಾಗೆ ಮಾಡಿಬಿಟ್ಟರೆ ಮನೆಯ ಗುರುತು ಹತ್ತೀತು, ಜೊತೆಗೆ ನನ್ನ ಗುರುತೂ ಹತ್ತೀತು ಎಂಬ ಆಸೆ.

ನಿನ್ನನ್ನು ಹಾನಗಲ್ಲಿನ ನಿನ್ನ ತಂಗಿಯ ಮನೆಗೆ ಕಳಿಸಿ ಕೆಲಸಕ್ಕಿಳಿದೆ. ಆಳು ಹಚ್ಚಲಿಲ್ಲ. ಬ್ರಷ್ ಹಿಡಿದು ಸೋಪಿನ ನೀರಿನಲ್ಲಿ ತಿಕ್ಕಿ, ಸಂದಿಯೊಳಗಿನ ಹಳೆಯ ಕೊಳೆಯನ್ನು ಮೊಳೆಯಿಂದ ಕೆರೆದು ತೆಗೆದೆ. ಕಲ್ಲು ಒಳಗಿನ ತನಕ ಒಣಗಲೆಂದು ಫ್ಯಾನು ಹಚ್ಚಿಟ್ಟು ನಾನು ಕಟ್ಟೆಯ ಮೇಲೆ ಮಲಗಿದೆ. ಆಮೇಲೆ ಶಿರಸಿಯಿಂದ ತಂದ ಸೀಲರ್ ಎಂಬ ಹೊಳಪಿನ ಎಣ್ಣೆ. ಬಟ್ಟೆಯಿಂದ ಒರೆಸಿದರೆ ಸಾಕು, ಕಲ್ಲು ಅದನ್ನು ಕುಡಿದು ಕಪ್ಪಾಗುತ್ತದೆ. "ಯಾವಾಗ ನೋಡಿದ್ರೂ ಈಗಷ್ಟೇ ನೀರು ಚೆಲ್ಲಿದ ಹಾಗೆ ಕಾಣ್ತದೆ ಮಾರಾಯ್ರೇ" ಎಂದು ಅಂಗಡಿಯವನು ಹೊಗಳಿದ್ದ. ನಾನು ಖುಷಿಯಿಂದ ಎರಡನೆಯ ಸಲವೂ ಬಳಿದೆ. ಬಗ್ಗಿದರೆ ನನ್ನ ಬಿಳಿ ಮೀಸೆ ಕಾಣುತ್ತಿತ್ತು.

ಕಳೆದ ಭಾನುವಾರ ನೀನು ಬಂದೆ. ಹೊಸ್ತಿಲ ಮೇಲೆ ನಿಂತು ಒಳಗೆ ನೋಡಿದೆ. ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ, ಈಗ ನಗುತ್ತೀ, ಈಗ ನಗುತ್ತೀ ಎಂದು. ನೀನು ಎರಡು ಹೆಜ್ಜೆ ಹಿಂದೆ ಸರಿದು "ಬಾವಿ ಐತಿ" ಅಂದೆ.

ಬಾವಿಯಲ್ಲ ಕಣೇ, ಕಲ್ಲು ಎಂದೆ ನಾನು. ಕುಣಿದು ತೋರಿಸಿದೆ. ಚಾಪೆ ಹಾಸಿದರೆ ನೀನು "ಚಾಪಿ ತೇಲಾಕತ್ತೈತಿ" ಅಂದೆ. ಜಮಖಾನ ಹಾಸಿದೆ, ಅದೂ ತೇಲಿತು. ಗೀತಾ ಕೈ ಹಿಡಿದು ಎಳೆದಾಗ ನೀನು ಕಸಾಯಿಖಾನೆಗೆ ಒಯ್ದ ಕುರಿಯ ಹಾಗೆ ಚೀರಿದೆ. ಗೋಡೆಗೆ ಗೋಡೆ ಹತ್ತಿದ ಓಣಿಯ ಮನೆ ನಮ್ಮದು, ಹಿತ್ತಲಿಗೂ ಪಡಸಾಲೆ ದಾಟಿಯೇ ಹೋಗಬೇಕು. ಡಾಕ್ಟರಿಗೆ ಫೋನ್ ಮಾಡಿದರೆ, ಈ ಕಾಯಿಲೆಯವರಿಗೆ ಕಪ್ಪು ನೆಲ ಗುಂಡಿಯ ಹಾಗೆ ಕಾಣುವುದುಂಟು, ಹೊಳೆದರೆ ನೀರಿನ ಹಾಗೆ ಕಾಣುವುದುಂಟು, ನಿಮಗೆ ಮೊದಲೇ ಹೇಳಬೇಕಿತ್ತು ಎಂದರು. ಕಾಯಿಲೆ ನನ್ನನ್ನು ನಿನ್ನ ತಲೆಯಿಂದ ಅಳಿಸಿತು, ಸಹಿಸಿಕೊಂಡೆ. ಮನೆಯಿಂದ ಹೊರಗೆ ಹಾಕಿದವನು ಮಾತ್ರ ನಾನೇ. ಇದನ್ನು ಹೇಗೆ ಸಹಿಸಲಿ?

ವಾರವಿಡೀ ಬಣ್ಣ ಕರಗಿಸುವ ಥಿನ್ನರ್ ಹಾಕಿ ತಿಕ್ಕುತ್ತಿದ್ದೇನೆ. ಮೇಲಿನ ಹೊಳಪು ಅಲ್ಲಲ್ಲಿ ಹೋಯಿತು, ಒಳಗಿಳಿದ ಕಪ್ಪು ಹೋಗಲೊಲ್ಲದು.

ಇವತ್ತು ಬೆಳಿಗ್ಗೆಯೂ ತಿಕ್ಕುತ್ತಿದ್ದೆ. ಥಿನ್ನರ್ ವಾಸನೆಗೆ ತಲೆ ತಿರುಗಿ ಪಡಸಾಲೆಯ ನಡುವೆ ಒರಗಿಬಿಟ್ಟೆ. ಗೀತಾ ಶಾಲೆಗೆ ಹೋಗಿದ್ದಳು. ಹೊಸ್ತಿಲಿನಿಂದ ನಿನ್ನ ಕೂಗು ಕೇಳಿತು. "ಯಾರೋ ಮುಳಗಾಕತ್ತಾರ, ಬರ್ರಿ, ಯಾರರೆ ಬರ್ರಿ." ಓಣಿಯಲ್ಲಿ ಯಾರೂ ಇರಲಿಲ್ಲ. ನಾನು ಏಳಲು ನೋಡಿದೆ, ಆಗಲಿಲ್ಲ. ನೀನು ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿದೆ. ಬಾಗಿಲ ಚೌಕಟ್ಟು ಹಿಡಿದು ಒಂದು ಕಾಲು ಇಳಿಸಿದೆ. ಕಣ್ಣು ಬಿಗಿಯಾಗಿ ಮುಚ್ಚಿದ್ದೆ. ಆದರೂ ಒಂದೊಂದೇ ಹೆಜ್ಜೆ ಹಾಕುತ್ತಾ ಬಂದು ನನ್ನ ರಟ್ಟೆ ಹಿಡಿದು ಎಳೆದೆ. ನಾನು ತೆವಳುತ್ತಾ ನಿನ್ನ ಹಿಂದೆ ಬಂದೆ.

ಕಟ್ಟೆಗೆ ಬಂದ ಮೇಲೆ ನೀನು ನನ್ನ ಒಣತಲೆಯನ್ನು ಸೆರಗಿನಿಂದ ಒರೆಸಿದೆ. "ಯಾರ ಮನಿಯವರ್ರಿ ನೀವು? ಇಂಥಾ ವಯಸ್ಸಿನಾಗ ನೀರಿಗೆ ಇಳೀತಾರೇನ್ರಿ? ಮನ್ಯಾಗ ಹೆಂಡ್ತಿ ಇಲ್ಲೇನು?"

"ಇದ್ದಾಳ" ಅಂದೆ.

"ಮತ್ತ ಹೋಗ್ರಿ. ಆಕಿ ಹಾದಿ ಕಾಯ್ತಿರತಾಳ."

ಶಾಲೆ ಮುಗಿಸಿ ಬಂದ ಗೀತಾಗೆ ಎಲ್ಲ ಹೇಳಿದೆ. ಅವಳ ಕಣ್ಣು ಅರಳಿತು. "ಹಂಗಾರ ದಿನಾ ನೀ ನಡುವ ಕುಂತು ಕೂಗು, ಅವ್ವ ಒಳಗ ಬರ್ತಾಳ" ಅಂದಳು. ಬರುತ್ತೀ, ನನಗೂ ಗೊತ್ತು. ಆದರೆ ಆಮೇಲೆ ನೀನು ಕೊಟ್ಟ ಚಹಾ ಮುಟ್ಟದೆ, ಒಣ ಸೀರೆಯ ಅಂಚನ್ನು ಹಿಂಡುತ್ತಲೇ ಕೂತಿದ್ದೆ. ದಿನಾ ನಿನ್ನನ್ನು ಸಾವಿಗೆ ಇಳಿಸಿ ಊಟಕ್ಕೆ ಕರೆಯುವ ಗಂಡಸು ನಾನಲ್ಲ. ನೆಲವನ್ನೇ ಕಿತ್ತು ಹಾಕುತ್ತೇನೆ, ಮಣ್ಣು ಬಡಿದು ಸಗಣಿ ಸಾರಿಸೋಣ ಎಂದೆ. ಅವಳು "ಕಲ್ಲು ತೆಗೆದ ಮ್ಯಾಲೂ ಬರಲಿಲ್ಲಂದ್ರ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅವಳೇ ಹೋಗಿ ಪಾರ್ವತವ್ವನ ಮನೆಯಿಂದ ಹಾರೆ ತಂದಳು.

ಮೊದಲ ಕಲ್ಲು ಎದ್ದಿದೆ. ಕೆಳಗೆ ಕೆಂಪು ಮಣ್ಣು. ಏದುಸಿರು ಬಂದದ್ದರಿಂದ ಕೂತು ಇದನ್ನು ಬರೆಯುತ್ತಿದ್ದೇನೆ. ಸೋಮವಾರದೊಳಗೆ ಆಗುವ ಕೆಲಸವಲ್ಲ ಇದು, ಆದರೂ ಮಾಡುತ್ತೇನೆ. ನೀನು ಒಂದು ಕೈ ಹಣೆಗೆ ಅಡ್ಡ ಹಿಡಿದು ರಸ್ತೆಯ ಆ ತುದಿಯನ್ನೇ ನೋಡುತ್ತಿದ್ದೀ. ಯಾರನ್ನು ನೋಡಾಕತ್ತಿ ಎಂದು ಗೀತಾ ಕೇಳಿದ್ದಕ್ಕೆ, ಈ ಯಜಮಾನರ ಹೆಂಡತಿ ಬರುತ್ತಾಳೇನೋ ನೋಡುತ್ತಿದ್ದೇನೆ ಎಂದೆಯಂತೆ.

ನೋಡುತ್ತಿರು. ಆಕೆ ಕಂಡರೆ ಒಳಗೆ ಕಳಿಸು, ನೀರೆಲ್ಲ ಬತ್ತಿದೆ ಎಂದು ಹೇಳು. ನಮ್ಮೂರ ದೇವರು ಮಧುಕೇಶ್ವರ ನಿನ್ನ ಕಾಲಿಗೆ ಧೈರ್ಯ ಕೊಡಲಿ.

ಇಂತಿ,
ನೀನು ದಡಕ್ಕೆ ಎಳೆದು ತಂದ
ಚಂದ್ರಶೇಖರಪ್ಪ